ರವಿಕೆಯೊಳಗಿನ ನಂಬರ್ ಪಟ್ಟಿ

ನಾಚಿಕೆ ಎನ್ನುವುದು ಯಾವಾಗಲೂ ತಪ್ಪು ಮನೆಯ ಬಾಗಿಲನ್ನೇ ತಟ್ಟುತ್ತದೆ. ನನ್ನನ್ನೇ ತೆಗೆದುಕೊಳ್ಳಿ. ನಲವತ್ತೆರಡನೇ ವಯಸ್ಸಿನಲ್ಲಿ ನನ್ನ ಎಡಗಡೆ ಸ್ತನದಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು. ತೊಂಬತ್ತರ ದಶಕ ಅದು. ಹೆಂಗಸರು ಆ ಪದವನ್ನು ಪೂರ್ತಿ ಹೇಳುತ್ತಿರಲಿಲ್ಲ. 'ಆ ಕಡೆ ಏನೋ ಗಂಟಂತೆ' ಎಂದು ಸೆರಗನ್ನು ಎಳೆದುಕೊಂಡು ಪಿಸುಗುಡುತ್ತಿದ್ದರು. ನಾನು ಹಾಗಲ್ಲ. ಆಪರೇಷನ್ ಮುಗಿಸಿ, ಮೂರು ವಾರಕ್ಕೊಂದರಂತೆ ಆರು ಕೀಮೋ ಹಾಕಿಸಿಕೊಂಡು, ಬೋಳುತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಕೆಲಸಕ್ಕೆ ವಾಪಸ್ ಬಂದ ಮೇಲೆ, ಕ್ಯಾಂಟೀನಿನಲ್ಲಿ ಯಾರಾದರೂ 'ಏನಾಗಿತ್ತು ಮೇಡಂ?' ಎಂದರೆ 'ಸ್ತನದ ಕ್ಯಾನ್ಸರ್, ಒಂದನ್ನ ಪೂರ್ತಿ ತೆಗೆದುಬಿಟ್ಟಿದ್ದಾರೆ' ಎಂದು ನಾಲ್ಕು ಮೇಜಿಗೆ ಕೇಳಿಸುವ ಹಾಗೆ ಹೇಳುತ್ತಿದ್ದೆ. ಎದುರಿಗೆ ಕೂತ ಗಂಡಸರು ತಮ್ಮ ಸಾಂಬಾರಿನಲ್ಲಿ ಏನೋ ಬಿದ್ದಿದೆ ಎನ್ನುವ ಹಾಗೆ ತಟ್ಟೆಯನ್ನೇ ನೋಡುತ್ತಿದ್ದರು. 'ವನಜಮ್ಮ ಗಟ್ಟಿಗಿತ್ತಿ' ಎಂದು ಊರೆಲ್ಲ ಹೊಗಳಿತು. ಇಂಥ ಗಟ್ಟಿಗಿತ್ತಿಯ ಬಾಯಿಂದ ಒಂದೇ ಒಂದು ಮಾತು ಹೊರಡಲಿಲ್ಲ: 'ನನಗೆ ಈಚೆಗೆ ಏನೂ ನೆನಪಿರೋದಿಲ್ಲ.'

ಯಾಕೆ ಎಂದು ತಿಳಿಯಬೇಕಾದರೆ ನನ್ನ ಕೆಲಸ ಏನು ಎಂದು ಹೇಳಬೇಕು. ದೊಡ್ಡನೆಕ್ಕುಂದಿ ಕಡೆಯ ಒಂದು ಕಾರ್ಖಾನೆಯಲ್ಲಿ ನಾನು ಟೆಲಿಫೋನ್ ಆಪರೇಟರ್. ಹೊರಗಿನ ಕರೆಗಳೆಲ್ಲ ಮೊದಲು ನಮ್ಮ ಬೋರ್ಡಿಗೆ ಬರುತ್ತಿದ್ದವು. ಯಾರು ಬೇಕೆಂದು ಕೇಳಿ, ಆ ವಿಭಾಗದ ಮೂರಂಕಿಯ ನಂಬರು ಒತ್ತಿ ಕೊಡುವುದು ನಮ್ಮ ಕೆಲಸ. ಮುನ್ನೂರು ಚಿಲ್ಲರೆ ನಂಬರುಗಳಿದ್ದವು. ಅವೆಲ್ಲ ಟೈಪ್ ಆಗಿ ಮೇಜಿನ ಗಾಜಿನ ಕೆಳಗೆ ಇದ್ದವು. ಹದಿನೆಂಟು ವರ್ಷದಲ್ಲಿ ನಾನು ಆ ಗಾಜಿನ ಮೇಲೆ ಚಹಾದ ಲೋಟ ಇಟ್ಟಿದ್ದೇನೆಯೇ ಹೊರತು ಕಣ್ಣು ಇಟ್ಟವಳಲ್ಲ. ನಂಬರಷ್ಟೇ ಅಲ್ಲ, ಪೇಂಟ್ ಶಾಪಿನ ಸೂಪರ್‌ವೈಸರು ಹನ್ನೊಂದು ಗಂಟೆಗೆ ತನ್ನ ಜಾಗದಲ್ಲಿರದೆ ಸ್ಟೋರ್ಸಿನಲ್ಲಿ ಹರಟುತ್ತಿರುತ್ತಾನೆ ಎನ್ನುವುದೂ ನನಗೆ ಗೊತ್ತಿತ್ತು. ಕೇಳುವ ಮೊದಲೇ ಸ್ಟೋರ್ಸಿಗೆ ಕೊಡುತ್ತಿದ್ದೆ. ಹಲೋ ಎಂದ ದನಿಯಿಂದಲೇ ಯಾರೆಂದು ಹೇಳುತ್ತಿದ್ದೆ. ಹೊಸದಾಗಿ ಬಂದ ಜನರಲ್ ಮ್ಯಾನೇಜರು ಒಮ್ಮೆ, 'ಈಕೆ ಇರೋವಾಗ ಡೈರೆಕ್ಟರಿ ಯಾಕ್ರೀ ಪ್ರಿಂಟ್ ಮಾಡಿಸ್ತೀರ?' ಎಂದಿದ್ದರು. ಆ ಮಾತನ್ನು ನಾನು ಹಲಸೂರಿನ ನಮ್ಮ ಬೀದಿಯಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ಎದುರು ಮನೆಯವರ ಗಿಳಿಗೂ ಬಾಯಿಪಾಠ ಆಗಿರಬೇಕು.

ಕೀಮೋ ಮುಗಿದು ಕೂದಲು ಬಂತು, ರುಚಿ ಬಂತು, ಹಸಿವು ಬಂತು. ನಂಬರುಗಳು ಬರಲಿಲ್ಲ. ಹೋದವು ಒಟ್ಟಿಗೆ ಹೋಗಿದ್ದರೆ ಒಂದು ನೆಮ್ಮದಿಯಾದರೂ ಇರುತ್ತಿತ್ತು. ಇವು ಕಣ್ಣಾಮುಚ್ಚಾಲೆ ಆಡುತ್ತಿದ್ದವು. ಬೆಳಿಗ್ಗೆ ಸರಾಗವಾಗಿ ಬಂದ ನಂಬರು ಮಧ್ಯಾಹ್ನ ಬಾಯಿಗೆ ಸಿಗುತ್ತಿರಲಿಲ್ಲ. 'ಲೈನಲ್ಲಿರಿ' ಎಂದು ಹೇಳಿ ಬೆರಳೆತ್ತಿದರೆ, ಯಾರನ್ನು ಕೇಳಿದ್ದರು ಎನ್ನುವುದೇ ಮಾಯ. ಮನೆಯಲ್ಲೂ ಇದೇ ಪಾಡು. ಸಾರಿಗೆ ಎರಡು ಸಲ ಉಪ್ಪು. ಇನ್ನೊಂದು ದಿನ ಹಾಕಿದ್ದೇನೇನೋ ಎಂದು ಅನುಮಾನ ಬಂದು ಹಾಕದೆ ಬಿಟ್ಟರೆ, ಅವತ್ತು ಮೊದಲನೇ ಉಪ್ಪೇ ಬಿದ್ದಿರುವುದಿಲ್ಲ. ಹಲಸೂರು ಮಾರ್ಕೆಟ್ಟಿನ ನಡುವೆ ನಿಂತು ಏನು ತರಲು ಬಂದೆ ಎಂದು ಯೋಚಿಸಿ, ಬರಿಗೈಯಲ್ಲಿ ಹೋಗಲು ಮರ್ಯಾದೆಯಾಗದೆ, ಪ್ರತಿ ಸಲವೂ ಒಂದು ಕುಂಬಳಕಾಯಿ ಹೊತ್ತು ತರುತ್ತಿದ್ದೆ. ನಮ್ಮ ಯಜಮಾನರು ತಿಂಗಳುಗಟ್ಟಲೆ ಕುಂಬಳಕಾಯಿ ಹುಳಿ ಉಂಡರು. ಒಂದು ದಿನ ಮಾತ್ರ, 'ಅಲ್ಲ ಕಣೆ, ಡಾಕ್ಟ್ರು ಇದನ್ನೇ ತಿನ್ನು ಅಂತ ಹೇಳಿದ್ದಾರಾ?' ಎಂದು ಬಹಳ ಮೆತ್ತಗೆ ಕೇಳಿದರು. ನಾನು 'ಹೌದು' ಎಂದೆ.

ಡಾಕ್ಟರರನ್ನು ಕೇಳಲಿಲ್ಲವೇ ಎನ್ನುತ್ತೀರಿ. ಕೇಳಿದೆ. ಚೆಕಪ್ಪಿಗೆ ಹೋದಾಗ ಧೈರ್ಯ ಮಾಡಿ, 'ಡಾಕ್ಟ್ರೇ, ನಂಬರುಗಳು ಮರೆತುಹೋಗ್ತಿವೆ' ಎಂದೆ. ಅವರು ರಿಪೋರ್ಟಿನಿಂದ ತಲೆ ಎತ್ತದೆ, 'ರಕ್ತ ಚೆನ್ನಾಗಿದೆ, ಸ್ಕ್ಯಾನ್ ಚೆನ್ನಾಗಿದೆ. ಬದುಕಿ ಬಂದಿದ್ದೀರಲ್ಲಮ್ಮ, ನಂಬರ್ ಮರೆತ್ರೆ ಏನಾಯ್ತು? ವಯಸ್ಸು, ಟೆನ್ಷನ್' ಎಂದರು. ಹೊರಗೆ ಬೆಂಚಿನ ಮೇಲೆ ನನ್ನ ಹಾಗೇ ಸ್ಕಾರ್ಫ್ ಕಟ್ಟಿಕೊಂಡ ಐದಾರು ಹೆಂಗಸರು ಕಾಯುತ್ತಿದ್ದರು. ಅವರಲ್ಲಿ ಎಷ್ಟು ಜನ ಉಳಿಯುತ್ತಾರೋ ಏನೋ; ನಾನು ನೋಡಿದರೆ ನಂಬರಿಗಾಗಿ ಅಳುತ್ತಿದ್ದೇನೆ. ತಲೆ ತಗ್ಗಿಸಿಕೊಂಡು ಬಂದೆ. ಆಮೇಲೆ ಹಲವು ವರ್ಷ ಯಾರನ್ನೂ ಕೇಳಲಿಲ್ಲ.

ಹಾಗಾದರೆ ಗಾಜಿನ ಕೆಳಗಿನ ಪಟ್ಟಿ ನೋಡಿದರೆ ಆಗುತ್ತಿರಲಿಲ್ಲವೇ? ಆಗುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಶಮೀಮ್ ಇಲ್ಲದಿದ್ದರೆ. ಶಮೀಮ್ ನನಗಿಂತ ಹತ್ತು ವರ್ಷ ಚಿಕ್ಕವಳು, ಶಿವಾಜಿನಗರದಿಂದ ಬರುತ್ತಿದ್ದಳು. ಅವಳಿಗೆ ಬೋರ್ಡ್ ಕಲಿಸಿದವಳು ನಾನು. ಮೊದಲ ದಿನವೇ ಅವಳು ಪಟ್ಟಿ ನೋಡಿದ್ದಕ್ಕೆ, 'ಪಟ್ಟಿ ನೋಡೋರು ಆಪರೇಟರ್ ಅಲ್ಲ ಕಣೇ, ಗುಮಾಸ್ತರು' ಎಂದು ಗದರಿದ್ದೆ. ಪಾಪದ ಹುಡುಗಿ ಎರಡು ತಿಂಗಳು ಬಸ್ಸಿನಲ್ಲಿ ಕೂತು ನಂಬರು ಉರುಹೊಡೆದಳು. ಈಗ ಅವಳ ಮುಂದೆ ನಾನು ಗುಮಾಸ್ತೆಯಾಗುವುದು ಹೇಗೆ? ಅದಕ್ಕೊಂದು ಉಪಾಯ ಮಾಡಿದೆ. ನಮ್ಮ ಕಡೆ ಹೆಂಗಸರು ಪುಟ್ಟ ಪರ್ಸು ಇಟ್ಟುಕೊಳ್ಳುವುದು ರವಿಕೆಯೊಳಗೆ ತಾನೆ. ನನಗಂತೂ ಎಡಗಡೆ ಬೇಕಾದಷ್ಟು ಜಾಗ ಖಾಲಿಯಾಗಿತ್ತು. ಕರ್ಚೀಫು ಮಡಚಿ ತುಂಬುತ್ತಿದ್ದೆ. ಆ ಕರ್ಚೀಫಿನ ಮಡಿಕೆಯಲ್ಲಿ ಮುನ್ನೂರು ನಂಬರುಗಳನ್ನು ಸಣ್ಣಕ್ಷರದಲ್ಲಿ ಬರೆದ ಪಟ್ಟಿ ಸೇರಿಸಿದೆ. ದೇವರು ಒಂದನ್ನು ಕಿತ್ತುಕೊಂಡು ಅಲ್ಲೊಂದು ಕಪಾಟು ಕೊಟ್ಟಿದ್ದಾನೆ ಎಂದು ನನಗೇ ನಗು. ಶಮೀಮ್ ಆ ಕಡೆ ತಿರುಗಿದಾಗ ಕೈ ಹಾಕಿ, ನೋಡಿ, ಒಳಗೆ ತುರುಕುತ್ತಿದ್ದೆ. ಅವಳೊಮ್ಮೆ, 'ಅಕ್ಕ, ಗಾಯ ತುರಿಸ್ತಾ ಇದೆಯಾ? ಕೊಬ್ಬರಿ ಎಣ್ಣೆ ಹಚ್ಚಿ' ಎಂದಳು. ಮಾರನೇ ದಿನ ಒಂದು ಸೀಸೆ ಎಣ್ಣೆ ತಂದೂ ಕೊಟ್ಟಳು.

ಈ ಏರ್ಪಾಡು ಒಂದು ವರ್ಷ ನಡೆಯಿತು. ಆಮೇಲೆ ಬಂತು ಆ ದಿನ. ಬೋರ್ಡಿನ ವೈರು ಸರಿಮಾಡಲು ಎಲೆಕ್ಟ್ರಿಕಲ್‌ನ ಇಬ್ಬರು ಗಂಡಸರು ನನ್ನ ಎದುರಿಗೇ ಕುಕ್ಕರಗಾಲಲ್ಲಿ ಕೂತಿದ್ದರು. ಶಮೀಮ್ ಬೇರೊಂದು ಕರೆಯಲ್ಲಿದ್ದಳು. ಹೊರಗಿನ ಬೂತಿನಿಂದ ಯೂನಿಯನ್ ಸೆಕ್ರೆಟರಿ ಗೋಪಾಲನ ಕರೆ ಬಂತು. 'ಅಕ್ಕ, ಯೂನಿಯನ್ ಆಫೀಸ್ ಕೊಡಿ, ಬೇಗ.' ಯೂನಿಯನ್ ಆಫೀಸು ಇನ್ನೂರ ಅರವತ್ತೆರಡೋ, ಇನ್ನೂರ ಇಪ್ಪತ್ತಾರೋ? ಎರಡು, ಆರು, ಎರಡು: ಮೂರೂ ಅಂಕಿ ನನ್ನ ಮುಂದೆ ನಿಂತಿವೆ. ಸಾಲು ಮಾತ್ರ ಗೊತ್ತಿಲ್ಲ. ಇಬ್ಬರು ಗಂಡಸರ ಎದುರು ಕಪಾಟಿಗೆ ಕೈ ಹಾಕುವ ಹಾಗಿಲ್ಲ. ಗಾಜು ಅಲ್ಲೇ ಇತ್ತು, ಮೊಣಕೈ ಕೆಳಗೆ. ಬಗ್ಗಿ ನೋಡಿದ್ದರೆ ಎರಡು ಸೆಕೆಂಡಿನ ಕೆಲಸ. ನೋಡಲಿಲ್ಲ. ಇನ್ನೂರ ಇಪ್ಪತ್ತಾರು ಒತ್ತಿದೆ.

ಅದು ಪರ್ಸೊನೆಲ್ ಆಫೀಸರ್ ಶೇಷಗಿರಿಯವರ ನಂಬರು. ಯೂನಿಯನ್ನಿನವರು ಯಾರ ಕಿವಿಗೆ ಬೀಳಬಾರದು ಎಂದು ಎಲ್ಲ ಗುಟ್ಟನ್ನೂ ಕಾಯುತ್ತಿದ್ದರೋ ಆ ಕಿವಿ. ಸಾಲದ್ದಕ್ಕೆ ಅವರಿಗೆ ಫೋನೆತ್ತಿ ಹೆಸರು ಹೇಳುವ ಅಭ್ಯಾಸವಿರಲಿಲ್ಲ, 'ಹ್ಞೂಂ' ಎನ್ನುವುದೊಂದೇ. ಗೋಪಾಲ ಆ ಹ್ಞೂಂ ಕೇಳಿ ತನ್ನವರೇ ಎಂದುಕೊಂಡು, ಮಾರನೇ ದಿನ ಕ್ಯಾಂಟೀನಿನ ನೀರು ಸಾಂಬಾರಿನ ವಿರುದ್ಧ ಎಲ್ಲರೂ ತಟ್ಟೆ ಮಗುಚಿ ಹಾಕಿ ಕೂರಬೇಕು, ಯಾವ ಶಾಪಿನ ಜನರನ್ನು ಯಾರು ಸೇರಿಸಬೇಕು, ಜನರಲ್ ಮ್ಯಾನೇಜರು ಬಂದರೆ ಯಾರು ಮಾತಾಡಬೇಕು ಎಂದು ಹೆಸರು ಹೆಸರಾಗಿ ಹೇಳಿದನಂತೆ. ಶೇಷಗಿರಿಯವರು ಪ್ರತಿ ಹೆಸರಿಗೂ ಹ್ಞೂಂಗುಟ್ಟುತ್ತಾ ಬರೆದುಕೊಂಡರಂತೆ. ಕೊನೆಗೆ, 'ಸಾಂಬಾರಿನ ಜೊತೆ ಪಲ್ಯದ್ದೂ ಸೇರಿಸ್ಕೋಪ್ಪ, ಅದೂ ಚೆನ್ನಾಗಿಲ್ಲ. ನಾನು ಶೇಷಗಿರಿ' ಎಂದರಂತೆ.

ಈಗ ನಗು ಬರುತ್ತದೆ. ಅವತ್ತು ಯಾರೂ ನಗಲಿಲ್ಲ. ಹೆಸರು ಸಿಕ್ಕ ನಾಲ್ವರಿಗೂ ಎಚ್ಚರಿಕೆ ಪತ್ರ ಬಂತು. ಯೂನಿಯನ್ನಿನವರು, ಆಪರೇಟರು ಬೇಕಂತಲೇ ಲೈನ್ ತಿರುಗಿಸಿದ್ದಾಳೆ, ಮ್ಯಾನೇಜ್‌ಮೆಂಟಿನ ಚಮಚಾ, ಯಾರೆಂದು ಹೇಳಿ ಎಂದು ಗಲಾಟೆ ಎಬ್ಬಿಸಿದರು. ಅವಸರದಲ್ಲಿದ್ದ ಗೋಪಾಲನಿಗೆ ನಮ್ಮಿಬ್ಬರಲ್ಲಿ ಯಾರ ದನಿ ಎಂದು ಗಮನವಿರಲಿಲ್ಲವಂತೆ. ಶೇಷಗಿರಿಯವರು ನಮ್ಮಿಬ್ಬರನ್ನೂ ಕರೆಸಿದರು. 'ಆ ಕಾಲ್ ಕೊಟ್ಟಿದ್ದು ಯಾರಮ್ಮ?'

ಓದುಗರೇ, ಇಲ್ಲಿ ಒಂದು ಮಾತು. ಒಂದು ವರ್ಷದಿಂದ ನನಗೆ ಹಾಲಿನ ಕೂಪನ್ನು ನೆನಪಿರಲಿಲ್ಲ, ನಾದಿನಿಯ ಮಗಳ ಹೆಸರು ನೆನಪಿರಲಿಲ್ಲ, ಒಲೆ ಆರಿಸಿದ್ದು ನೆನಪಿರಲಿಲ್ಲ. ಆ ಕರೆ ಮಾತ್ರ ಚೆನ್ನಾಗಿ ನೆನಪಿತ್ತು. ಗೋಪಾಲ ಏದುಸಿರು ಬಿಡುತ್ತಿದ್ದದ್ದು, ಹಿಂದೆ ಬಸ್ಸಿನ ಹಾರನ್ನು, ಎದುರಿಗಿದ್ದ ಎಲೆಕ್ಟ್ರಿಷಿಯನ್ನನ ಕಿವಿಯ ಮೇಲಿದ್ದ ಪೆನ್ಸಿಲ್ಲು, ಎಲ್ಲ. ಮರೆವನ್ನು ಮುಚ್ಚಿಡಲು ಅಷ್ಟು ಪಾಡುಪಟ್ಟವಳು, ಅವತ್ತು ತಲೆ ಎತ್ತಿ ಹೇಳಿದೆ: 'ನೆನಪಿಲ್ಲ ಸಾರ್.'

ಶಮೀಮ್ ನನ್ನ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು. ಆಮೇಲೆ, 'ನಾನೇ ಇರಬಹುದು ಸಾರ್. ಒಂದೇ ಸಮ ಕಾಲ್ ಬರ್ತಾ ಇತ್ತು' ಎಂದಳು.

ಅವಳ ಫೈಲಿಗೆ ಒಂದು ಮೆಮೊ ಸೇರಿತು. ಅವಳನ್ನು ಬೋರ್ಡಿನಿಂದ ತೆಗೆದು ಟಪಾಲು ವಿಭಾಗಕ್ಕೆ ಹಾಕಿದರು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಕ್ಯಾಂಟೀನಿನಲ್ಲಿ ಅವಳು ಬಂದು ಕೂತರೆ ಮೇಜಿನಲ್ಲಿದ್ದವರು ತಟ್ಟೆ ಎತ್ತಿಕೊಂಡು ಏಳುತ್ತಿದ್ದರು. ಮೊದಲ ವಾರ ನಾನು ಅವಳ ಪಕ್ಕ ಕೂತೆ. ಎರಡನೇ ವಾರ ಅವಳ ಮುಖ ನೋಡಿಕೊಂಡು ಅನ್ನ ನುಂಗುವುದು ಕಷ್ಟವಾಯಿತು. ಮೂರನೇ ವಾರದಿಂದ ಡಬ್ಬಿ ತಂದು ಬೋರ್ಡಿನ ಮುಂದೆಯೇ ಊಟ ಮಾಡತೊಡಗಿದೆ. ಆಗ ರೂಮಿನಲ್ಲಿ ನಾನೊಬ್ಬಳೇ ಆದದ್ದರಿಂದ ಗಾಜಿನ ಕೆಳಗಿನ ಪಟ್ಟಿಯನ್ನು ಆರಾಮಾಗಿ ನೋಡಬಹುದಾಗಿತ್ತು. ಅಂದರೆ ಅವಳು ಹೋದದ್ದು ನನಗೆ ಅನುಕೂಲವೇ ಆಯಿತು. ನನಗೆ ನನ್ನ ಮೇಲೆ ಹೇಸಿಗೆ ಹುಟ್ಟಿದ್ದು ಅವತ್ತು, ಕ್ಯಾನ್ಸರಿನ ಗಾಯವನ್ನು ಮೊದಲ ಸಲ ಕನ್ನಡಿಯಲ್ಲಿ ನೋಡಿದಾಗ ಅಲ್ಲ.

ಹೊಸ ಶತಮಾನ ಬಂತು. ಹೊರಗಿನವರು ತಾವೇ ನೇರವಾಗಿ ನಂಬರು ಒತ್ತುವ ಯಂತ್ರ ಬಂತು. ಬೋರ್ಡನ್ನು ಗುಜರಿಗೆ ಹಾಕಿದರು, ನಮಗೆ ಸ್ವಯಂನಿವೃತ್ತಿ ಕೊಟ್ಟರು. ಮನೆಯಲ್ಲಿ ಯಜಮಾನರು ಒಂದು ಪುಟ್ಟ ಡೈರಿ ತಂದುಕೊಟ್ಟು, 'ಕುಂಬಳಕಾಯಿ ಬಿಟ್ಟು ಬೇರೆ ಏನಾದ್ರೂ ಬರ್ಕೊಂಡು ಹೋಗು ಮಾರಾಯ್ತಿ' ಎಂದರು. ಅಂದಿನಿಂದ ಎಲ್ಲವನ್ನೂ ಬರೆಯುತ್ತೇನೆ. ಅದಕ್ಕೆ ನನ್ನದೇ ಒಂದು ಕಾನೂನಿದೆ. ಮಾಡಿ ಮುಗಿಸಿದ್ದಕ್ಕೆ ಟಿಕ್. ಮಾಡುವುದು ಬೇಡ ಎಂದು ತೀರ್ಮಾನಿಸಿದ್ದಕ್ಕೆ ಅಡ್ಡಗೀಟು. ಎರಡೂ ಇಲ್ಲದಿದ್ದರೆ ಮರೆತಿದ್ದೇನೆ ಎಂದು ಅರ್ಥ. ಡೈರಿಯಲ್ಲಿ ಎರಡೂ ಇಲ್ಲದ ಸಾಲುಗಳೇ ಹೆಚ್ಚು.

ಕಳೆದ ವಾರ ಚೆಕಪ್ಪಿನಲ್ಲಿ ಒಬ್ಬ ಹೊಸ ಲೇಡಿ ಡಾಕ್ಟರ್ ಸಿಕ್ಕಳು, ನನ್ನ ಸೊಸೆಯಾಗುವ ವಯಸ್ಸು. ನಾನು ಏನೂ ಕೇಳಿರಲಿಲ್ಲ. ಅವಳೇ, 'ಆಂಟಿ, ಮರೆವು ಏನಾದ್ರೂ ಇದೆಯಾ? ಮಾತಾಡ್ತಾ ಪದ ಸಿಗದೇ ಇರೋದು, ಎರಡು ಕೆಲಸ ಒಟ್ಟಿಗೆ ಮಾಡೋಕಾಗದೇ ಇರೋದು?' ಎಂದಳು. ಹತ್ತು ವರ್ಷದಿಂದ ನನ್ನ ಮನೆಯಲ್ಲಿದ್ದು ನೋಡಿದವಳ ಹಾಗೆ ಕೇಳಿದಳು. ಕೀಮೋ ಹಾಕಿಸಿಕೊಂಡ ಕೆಲವರಿಗೆ ಹೀಗಾಗುತ್ತದಂತೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದಂತೆ, ಈಚೆಗೆ ಡಾಕ್ಟರುಗಳು ಇದನ್ನು ಗಮನಿಸುತ್ತಿದ್ದಾರಂತೆ. 'ನಿಮ್ಮ ತಪ್ಪಲ್ಲ ಆಂಟಿ' ಎಂದಳು. ನಾನು ಅವಳ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಖುಷಿಯಲ್ಲಿ ಬಸ್ಸು ಹತ್ತಿದವಳಿಗೆ ಎರಡು ಸ್ಟಾಪು ದಾಟುವಷ್ಟರಲ್ಲಿ ಹೊಳೆಯಿತು: ತಪ್ಪು ನಂಬರು ಒತ್ತಿದ್ದು ನನ್ನ ತಪ್ಪಲ್ಲ, ಸರಿ. 'ನೆನಪಿಲ್ಲ ಸಾರ್' ಎಂದದ್ದು ಯಾವ ಔಷಧಿಯ ತಪ್ಪು?

ಅಲ್ಲೇ ಇಳಿದೆ. ಬೇಕರಿಯಲ್ಲಿ ಒಂದು ದಿಲ್‌ಪಸಂದ್ ಕಟ್ಟಿಸಿಕೊಂಡು ನೇರವಾಗಿ ಶಿವಾಜಿನಗರಕ್ಕೆ, ಶಮೀಮಳ ಮನೆಗೆ ಹೋದೆ. ಚಹಾ ಕುಡಿಯುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ. ರವಿಕೆಯೊಳಗಿನ ಪಟ್ಟಿ, ಗೋಪಾಲ, ನೆನಪಿಲ್ಲ ಸಾರ್. ಕಣ್ಣೊರೆಸಿಕೊಂಡು ತಲೆ ಎತ್ತಿದರೆ ಶಮೀಮ್ ದಿಲ್‌ಪಸಂದನ್ನು ಸಮವಾಗಿ ಎಂಟು ತುಂಡು ಮಾಡುತ್ತಿದ್ದಳು.

'ಅಕ್ಕ, ಇದು ಮೂರನೇ ಸಲ' ಎಂದಳು.

'ಏನು ಮೂರನೇ ಸಲ?'

'ನೀವು ಇದನ್ನ ನಂಗೆ ಹೇಳ್ತಾ ಇರೋದು. ರಿಟೈರ್ ಆದ ದಿನ ಬಸ್ ಸ್ಟಾಪಲ್ಲಿ ಒಂದ್ಸಲ. ಹೋದ ವರ್ಷ ರಂಜಾನ್‌ಗೆ ಬಂದಾಗ ಒಂದ್ಸಲ. ಅವತ್ತೂ ದಿಲ್‌ಪಸಂದೇ ತಂದಿದ್ರಿ. ಅವತ್ತೂ ಹಿಂಗೇ ಅತ್ರಿ. ಎರಡು ಸಲಾನೂ ನಾನು ಮಾಫ್ ಮಾಡ್ದೆ ಅಂದೆ. ಪಟ್ಟಿ ವಿಷಯ ನಂಗೆ ಅವಾಗ್ಲೇ ಗೊತ್ತಿತ್ತಲ್ಲ ಅಕ್ಕ, ತುರಿಸ್ಕೊಳ್ಳೋರು ಯಾರಾದ್ರೂ ಕನ್ನಡಕ ಹಾಕ್ಕೊಂಡು ತುರಿಸ್ಕೊಳ್ತಾರಾ?'

ನಾನು ಕರಗಿ ನೀರಾದೆ. ಮಾಡಿದ ತಪ್ಪು ನೆನಪಿಟ್ಟುಕೊಂಡು, ಸಿಕ್ಕ ಕ್ಷಮೆಯನ್ನು ಮರೆಯುವ ತಲೆ ನನ್ನದು. ಇದೂ ಆ ಕೀಮೋದ್ದೇ ಕೆಲಸ ಎಂದು ಆ ಡಾಕ್ಟರಮ್ಮನ ಮಾತು ಎತ್ತಿದೆ. ನನ್ನ ತಪ್ಪಲ್ಲವಂತೆ ಎಂದೆ. ಶಮೀಮ್ ತಲೆಯಾಡಿಸಿದಳು. ಆಮೇಲೆ ಚಾಕು ಕೆಳಗಿಟ್ಟು ಹೇಳಿದಳು.

'ಅಳೋದು ಬಿಡಿ ಅಕ್ಕ. ನಾನು ಎರಡು ಸಲಾನೂ ಒಂದೇ ಕೇಳಿದ್ದು. ಶೇಷಗಿರಿ ಸಾರ್ ಬೆನ್ಸನ್ ಟೌನಲ್ಲೇ ಇದ್ದಾರೆ. ರಸ್ತೇಲಿ ಸಿಕ್ಕಾಗೆಲ್ಲ, ಏನಮ್ಮ, ಈಗ್ಲೂ ರಾಂಗ್ ನಂಬರ್ರಾ ಅಂತಾರೆ. ಮೊನ್ನೆ ನನ್ನ ಮಗಳ ಮುಂದೆ ಅಂದ್ರು. ಅವಳು ಕಾಲೇಜಿಗೆ ಹೋಗೋ ಹುಡುಗಿ, ಅಮ್ಮೀ, ನೀನೇನು ಮಾಡಿದ್ದೆ ಅಂತ ಕೇಳಿದ್ಳು. ನೀವು ಅವರಿಗೆ ಒಂದು ಮಾತು ಹೇಳಿಬಿಡಿ, ಅದು ಶಮೀಮ್ ಅಲ್ಲ ಅಂತ. ನಾಳೇನೇ ಹೇಳ್ತೀನಿ ಅಂದಿದ್ರಿ. ಹೋದ ಸಲ ನನ್ನೆದುರಿಗೇ ಡೈರೀಲಿ ಬರ್ಕೊಂಡ್ರಿ.'

'ಅಯ್ಯೋ, ಮರೆತೇಬಿಟ್ಟಿದ್ದೀನಿ ಕಣೇ' ಎಂದೆ.

'ಗೊತ್ತಕ್ಕ' ಎಂದು ಅವಳು ನನ್ನ ತಟ್ಟೆಗೆ ದೊಡ್ಡ ತುಂಡು ಹಾಕಿದಳು.

ಮನೆಗೆ ಬಂದು ಹೋದ ವರ್ಷದ ಡೈರಿ ಹುಡುಕಿದೆ. ಸಿಕ್ಕಿತು. ರಂಜಾನಿನ ಮಾರನೇ ದಿನದ ಪುಟದಲ್ಲಿ ನನ್ನದೇ ಅಕ್ಷರ: 'ಶೇಷಗಿರಿ ಸಾರ್. ಬೆನ್ಸನ್ ಟೌನ್. ಶಮೀಮ್ ಅಲ್ಲ ಎಂದು ಹೇಳಬೇಕು.' ಅದರ ಮುಂದೆ ಟಿಕ್ ಇರಲಿಲ್ಲ. ಖಾಲಿಯಾಗಿಯೂ ಇರಲಿಲ್ಲ. ಅಡ್ಡಗೀಟು ಇತ್ತು. ಪುಟದ ಹಿಂಬದಿಯಲ್ಲೂ ಮೂಡುವಷ್ಟು ಒತ್ತಿ ಎಳೆದ ಗೀಟು. ನನಗೆ ಬಂದ ಮರೆವಿನಲ್ಲಿ ಔಷಧಿಯದ್ದೆಷ್ಟು, ನನ್ನದೆಷ್ಟು ಎಂದು ಯಾವ ಡಾಕ್ಟರು ಬಿಡಿಸಿ ಹೇಳಬೇಕು? ಯಜಮಾನರು ಬಂದು, 'ಏನು ಮರೆತ್ಯೇ?' ಎಂದರು. ಏನನ್ನೂ ಮರೆತಿಲ್ಲ ಎನ್ನುವುದೇ ತೊಂದರೆ ಎಂದು ಅವರಿಗೆ ಹೇಗೆ ಹೇಳಲಿ.

ಅವತ್ತೇ ಶೇಷಗಿರಿಯವರಿಗೆ ಪತ್ರ ಬರೆದೆ. ಅರ್ಧ ಪುಟ ಸಾಕಾಯಿತು. ಕರೆ ಕೊಟ್ಟವಳು ನಾನು, ನನಗೆ ನೆನಪಿತ್ತು, ಶಮೀಮ್ ನನ್ನನ್ನು ಉಳಿಸಲು ಸುಳ್ಳು ಹೇಳಿದಳು, ದಯವಿಟ್ಟು ಅವಳ ಮಗಳ ಮುಂದೆಯೇ ಇದನ್ನು ಅವಳಿಗೆ ಹೇಳಿ, ಇಷ್ಟೇ. ಲಕೋಟೆಗೆ ಅಂಟು ಹಚ್ಚಿ, ಸ್ಟಾಂಪು ಅಂಟಿಸಿ, ಕೈಚೀಲದಲ್ಲಿಟ್ಟರೆ ಮರೆತುಬಿಡುತ್ತೇನೆಂದು ರವಿಕೆಯೊಳಗೆ ಎಡಗಡೆ, ಹಳೇ ಜಾಗದಲ್ಲೇ ಇಟ್ಟುಕೊಂಡೆ. ಅದರ ಮೂಲೆ ಚುಚ್ಚುತ್ತಲೇ ಇರುತ್ತದೆ, ಮರೆಯುವ ಮಾತೇ ಇಲ್ಲ. ಇವತ್ತಿಗೆ ನಾಲ್ಕು ದಿನವಾಯಿತು. ಈ ನಾಲ್ಕು ದಿನದಲ್ಲಿ ಮಾರ್ಕೆಟ್ಟಿಗೆ ಹೋಗುತ್ತಾ ಬರುತ್ತಾ ಹಲಸೂರಿನ ಅಂಚೆ ಡಬ್ಬದ ಮುಂದೆ ಆರು ಸಲ ಹಾದು ಹೋಗಿದ್ದೇನೆ. ಮನೆಯಲ್ಲಿ ಮೂರು ಕುಂಬಳಕಾಯಿ ಬಿದ್ದಿವೆ. ಪತ್ರ ಮಾತ್ರ ಆರು ಸಲವೂ ಚೆನ್ನಾಗಿ ನೆನಪಿತ್ತು.